ದೋಣಿಯ ವಯರ್‌ಲೆಸ್ ಏಕೆ ಮೂಕವಾಯಿತು?



ಕಳೆದ ಬೇಸಿಗೆಯ ರಜೆಯಲ್ಲಿ ಮುಂಬಯಿಯಿಂದ ಊರಿಗೆ ಹೋಗಿದ್ದ ನಮ್ಮ ತರಗತಿಯ ಹುಡುಗನೊಬ್ಬನು ಮಲ್ಪೆಯಲ್ಲಿ ತನ್ನ ಸೋದರಮಾವನ ಮೀನುಗಾರಿಕೆಯ ದೋಣಿಯನ್ನು ಹತ್ತಿದ್ದನಂತೆ. ಹಿಂದಿರುಗಿದವನು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟನು: “ಸರ್, ದೋಣಿಯ ವಯರ್‌ಲೆಸ್ಸಿನಲ್ಲಿ ಬೇರೆಯವರ ಮಾತು ಚೆನ್ನಾಗಿ ಕೇಳಿಸುತ್ತದೆ. ಮಾವ ಮಾತನಾಡಲು ಗುಂಡಿ ಒತ್ತಿದರೆ ಮಾತ್ರ ದೀಪವೇ ಆರಿಹೋಗುತ್ತದೆ. ಬ್ಯಾಟರಿ ಹೊಸದು. ಹೀಗೇಕೆ?”

ನಡುಗಡಲಿನಲ್ಲಿ ನೆರವಿಗೆ ಕೂಗಬೇಕಾದ ಗಳಿಗೆಯಲ್ಲಿಯೇ ಮೂಕವಾಗುವ ಯಂತ್ರವು ಇದ್ದೂ ಇಲ್ಲದಂತೆ. ಆದುದರಿಂದ ಇದನ್ನು ವಿಚಾರಿಸಿ ನೋಡೋಣ.

ದೋಣಿಯಲ್ಲಾಗಲಿ ಟ್ಯಾಕ್ಸಿಯಲ್ಲಾಗಲಿ ಇರುವ ಸೀಸದ ಬ್ಯಾಟರಿಯಲ್ಲಿ ಆರು ಕೋಶಗಳುಂಟು. ಒಂದೊಂದೂ ಸುಮಾರು 2.1 ವೋಲ್ಟನ್ನು ಕೊಡುವುದು. ‘ಹನ್ನೆರಡು ವೋಲ್ಟ್’ ಎಂಬುದು ಹೆಸರಿಗೆ ಮಾತ್ರ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ 12.6 ಇರುವುದು, ಎಂಜಿನ್ ಓಡುತ್ತಿರುವಾಗ ಸುಮಾರು 14ಕ್ಕೆ ಏರುವುದು, ಸ್ಟಾರ್ಟರ್ ಮೋಟಾರು ತಿರುಗುವ ಕ್ಷಣದಲ್ಲಿ 8ಕ್ಕೋ ಇನ್ನೂ ಕೆಳಕ್ಕೋ ಇಳಿಯಬಹುದು. ಎಂಜಿನ್ ಸ್ಟಾರ್ಟ್ ಮಾಡಿದೊಡನೆ ಜಿ.ಪಿ.ಎಸ್. ಯಂತ್ರವು ಆರಿ ಮತ್ತೆ ಹೊತ್ತಿಕೊಳ್ಳುವುದು ಇದರಿಂದಲೇ.

ಆದರೆ ಮಾವನ ದೋಣಿಯ ದೋಷ ಬೇರೆ. ಇದಕ್ಕೆ ಓಮ್ ಮಹಾಶಯನು 1827ರಲ್ಲಿ ಪ್ರಕಟಿಸಿದ ನಿಯಮವೇ ಸಾಕು. (ಆತನೂ ನಮ್ಮಂತೆ ಶಾಲೆಯ ಉಪಾಧ್ಯಾಯನಾಗಿದ್ದನೆಂಬುದು ನಮಗೆ ಹೆಮ್ಮೆ!) ಇಂತಹ 25 ವಾಟಿನ ಯಂತ್ರವು ಕೇಳುವಾಗ ಸುಮಾರು ಅರ್ಧ ಆಂಪಿಯರನ್ನೂ ಮಾತನಾಡುವಾಗ ಸುಮಾರು 6 ಆಂಪಿಯರನ್ನೂ ಎಳೆಯುವುದು. ಉಪ್ಪುಗಾಳಿಗೆ ತಂತಿಯ ಜೋಡಣೆಯು ಕಿಲುಬು ಹಿಡಿದು ಅಲ್ಲಿ ಅರ್ಧ ಓಮಿನ ತಡೆಯುಂಟಾಗಿದೆ ಎನ್ನೋಣ. ಕೇಳುವಾಗ ನಷ್ಟ ಕಾಲು ವೋಲ್ಟು. ಯಾರ ಗಮನಕ್ಕೂ ಬಾರದು. ಗುಂಡಿ ಒತ್ತಿದೊಡನೆ ನಷ್ಟ ಮೂರು ವೋಲ್ಟು! 12.6ರಲ್ಲಿ ಯಂತ್ರಕ್ಕೆ ತಲಪುವುದು 9.6 ಮಾತ್ರ. ಬ್ಯಾಟರಿಯ ತುದಿಗಳಲ್ಲಿ ಮೀಟರ್ ಇಟ್ಟು ಅಳೆದವನಿಗೆ ಎಲ್ಲವೂ ಸರಿಯಾಗಿಯೇ ತೋರುವುದು. ಅಳೆಯಬೇಕಾದುದು ಯಂತ್ರದ ತುದಿಯಲ್ಲಿ, ಅದೂ ಗುಂಡಿಯನ್ನು ಒತ್ತಿ ಹಿಡಿದಾಗ.

ಒಳ್ಳೆಯ ಏರ್ಪಾಡಿನಲ್ಲಿ ದಪ್ಪನಾದ, ತವರ ಲೇಪಿಸಿದ ತಾಮ್ರದ ತಂತಿಗಳೆರಡೂ ಬ್ಯಾಟರಿಯಿಂದ ನೇರವಾಗಿ ಬರುವುವು. ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರಬೇಕು. ಅನೇಕರು ಅದನ್ನು ಯಂತ್ರದ ಬಳಿ ಇಡುತ್ತಾರೆ. ಆಗ ನಡುವೆ ತಂತಿಯ ಹೊದಿಕೆ ಸವೆದು ತಾಗಿಕೊಂಡರೆ ತಂತಿಯೇ ಕೆಂಡವಾಗುವುದು.

ಇನ್ನೊಂದು ಅಪಾಯವುಂಟು. ಆಲ್ಟರ್ನೇಟರು ಜೋರಾಗಿ ತುಂಬುತ್ತಿರುವಾಗ ಬ್ಯಾಟರಿಯ ತಂತಿ ಕಳಚಿಬಿದ್ದರೆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು 80ರಿಂದ 100 ವೋಲ್ಟಿನವರೆಗೂ ಏರಬಹುದು. ಅದನ್ನು ನುಂಗಲು ವಿಶೇಷ ರೀತಿಯ ಡಯೋಡುಗಳಿವೆ. ಅದರ ಮುಂದೆ, 9ರಿಂದ 36 ವೋಲ್ಟಿನವರೆಗೆ ಏನು ಬಂದರೂ ಒಂದೇ ಸಮನಾದ ವೋಲ್ಟೇಜನ್ನು ಕೊಡುವ ಪರಿವರ್ತಕವನ್ನು ಇಡಬಹುದು. ಎಲ್ಲಕ್ಕಿಂತ ಮೇಲಾದುದು, ಸ್ಟಾರ್ಟರಿಗೆ ಒಂದು, ಯಂತ್ರಗಳಿಗೆ ಒಂದು, ಹೀಗೆ ಎರಡು ಬ್ಯಾಟರಿಗಳು.

ನಮ್ಮ ಹುಡುಗನು ಇದೆಲ್ಲವನ್ನೂ ಫೋನಿನಲ್ಲಿ ತಿಳಿಸಿದನು. ಮಾವ ಕಿಲುಬನ್ನು ಕೆರೆದು ಜೋಡಣೆಯನ್ನು ಬಿಗಿಮಾಡಿದ ಮೇಲೆ ಮಾತು ದಡ ಮುಟ್ಟುತ್ತಿದೆಯಂತೆ. ಎರಡನೆಯ ಬ್ಯಾಟರಿಗೆ ಮಾತ್ರ ಅವರು ಇನ್ನೂ ಒಪ್ಪಿಲ್ಲ.