ಅರಮನೆಯ ಒಳಮನೆ

ನಮ್ಮ ಹಳೇ ಮನೆಗಳನ್ನು ನೆನೆಯಿರಿ. ಮುಂದೆ ಜಗಲಿ. ಜಗಲಿ ದಾಟಿದರೆ ನಡುಮನೆ. ಅದರಾಚೆ ಅಡಿಗೆಮನೆ, ಕೋಣೆ. ಊರಿನವರು ಬಂದರೆ ಜಗಲಿಯಲ್ಲಿ ಕೂರುತ್ತಿದ್ದರು. ನೆಂಟರು ನಡುಮನೆಗೆ ಬರುತ್ತಿದ್ದರು. ಒಳಕೋಣೆಗೆ ಮನೆಯವರು ಮಾತ್ರ. ಈಗ ಮಾರತ್ತಹಳ್ಳಿಯಲ್ಲಿ ಜಗಲಿ ಇರುವ ಮನೆಯನ್ನು ಹುಡುಕಬೇಕು. ಬಾಡಿಗೆಯ ಒಂದೇ ಕೋಣೆಯಲ್ಲಿ ಎಲ್ಲವೂ ನಡೆಯುತ್ತದೆ. ಆದರೂ ಒಂದು ಹಳೇ ಸೀರೆಯನ್ನು ಅಡ್ಡ ಕಟ್ಟಿ ಒಳಗು, ಹೊರಗು ಮಾಡಿಕೊಳ್ಳುತ್ತೇವೆ, ಅಲ್ಲವೇ?

ರಾಜರ ಅರಮನೆಗೂ ಹೀಗೇ ಒಳಗು, ಹೊರಗು ಇತ್ತು. ಹೊರಗಿನ ಭಾಗ ದರ್ಬಾರಿಗೆ. ಒಳಗಿನ ಭಾಗ ರಾಣಿಯರಿಗೆ, ಮಕ್ಕಳಿಗೆ. ಆ ಒಳಮನೆಯನ್ನು ನೋಡಬೇಕೇ? ಹಾಗಾದರೆ ಹೊರಡೋಣ.

ಮಾರತ್ತಹಳ್ಳಿ ಸೇತುವೆ ಹತ್ತಿರ ನಿಲ್ಲಿ. ಬಸ್ಸಿನ ಬೋರ್ಡು ಓದಿ. 'ಶಿವಾಜಿನಗರ' ಅಂತ ಇದ್ದರೆ ಹತ್ತಿ. ಯಾರನ್ನೂ ಕೇಳಬೇಡಿ, ನೀವೇ ಓದಿ. ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ ತಿಂಗಳಿಂದ ಟಿಕೇಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ಮಾತ್ರ ಜೊತೆಯಲ್ಲಿರಲಿ. ಶಿವಾಜಿನಗರದಲ್ಲಿ ಇಳಿದರೆ ವಸಂತನಗರದ ಬೆಂಗಳೂರು ಅರಮನೆ ದೂರವಿಲ್ಲ.

ಕಲ್ಲಿನ ಗೋಡೆ. ಕೋಟೆಯ ಬುರುಜಿನಂಥ ಗೋಪುರಗಳು. ನಮ್ಮ ಕಡೆಯ ಕಟ್ಟಡದ ಹಾಗೆ ಕಾಣುವುದಿಲ್ಲ. ಇಂಗ್ಲೆಂಡಿನ ಹಳೇ ಕಾಲದ ಮನೆಗಳ ಮಾದರಿ ಇದು. ಮೊದಲು ಈ ಜಾಗ ಗ್ಯಾರೆಟ್ ಎಂಬ ಪಾದ್ರಿಯದಾಗಿತ್ತು. ಅವರು ಬೆಂಗಳೂರಿನ ದೊಡ್ಡ ಶಾಲೆಯ ಮುಖ್ಯಸ್ಥರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. 1873ರಲ್ಲಿ ಮೈಸೂರಿನ ರಾಜಕುಮಾರ ಚಾಮರಾಜೇಂದ್ರ ಒಡೆಯರ್ ಅವರಿಗಾಗಿ ಇದನ್ನು ಕೊಂಡರು. ಬೆಲೆ 40,000 ರೂಪಾಯಿ. ಆಗ ರಾಜಕುಮಾರನಿಗೆ ಹತ್ತೇ ವರ್ಷ. ರಾಜ್ಯ ಬ್ರಿಟಿಷರ ಕೈಯಲ್ಲಿತ್ತು. 1881ರಲ್ಲಿ ಅದು ರಾಜರಿಗೆ ಮರಳಿ ಬಂತು.

ಒಳಗೆ ಹೋದರೆ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಮೇಲೆ ಒಂದು ದೊಡ್ಡ ಆನೆಯ ತಲೆ! ನಿಜವಾದ ಆನೆಯದೇ. ಅಲ್ಲೇ ದರ್ಬಾರು ಹಾಲ್. ರಾಜರು ಇಲ್ಲಿ ಸಭೆ ನಡೆಸುತ್ತಿದ್ದರು. ಕಿಟಕಿಗಳಿಗೆ ಬಣ್ಣದ ಗಾಜು. ಹಾಲಿನ ಒಂದು ಬದಿಯನ್ನು ಚೆನ್ನಾಗಿ ನೋಡಿ. ಅಲ್ಲಿ ಮರೆ ಇದೆ. ರಾಣಿಯರು, ಅರಮನೆಯ ಹೆಣ್ಣುಮಕ್ಕಳು ಆ ಮರೆಯ ಹಿಂದೆ ಕೂತು ಸಭೆ ನೋಡುತ್ತಿದ್ದರು. ಅವರಿಗೆ ಸಭೆ ಕಾಣಬೇಕು. ಸಭೆಗೆ ಅವರು ಕಾಣಬಾರದು.

ಈ ಪಾಠವನ್ನು ಓದಿದಾಗ ಒಬ್ಬ ಅಜ್ಜಿ ಕೇಳಿದರು: "ಮಹಾರಾಣಿಗೂ ಮರೆ ಇತ್ತಾ ಮೇಡಂ? ನಮಗೆ ಮಾತ್ರ ಅಂದ್ಕೊಂಡಿದ್ದೆ."

ಕೆಳಗೆ ಹೆಂಗಸರ ಅಂಗಳವಿದೆ. ಅಲ್ಲಿ ನೀಲಿ ಬಣ್ಣದ ಹೊಳೆಯುವ ಹಂಚು ಹಾಕಿದ ಕಟ್ಟೆ ಇದೆ. ಹಂಚುಗಳು ಸ್ಪೇನ್ ದೇಶದವು. ಮೇಲೆ ಬಯಲು, ಸುತ್ತ ಕೋಣೆಗಳು. ತೊಟ್ಟಿಮನೆ ನೋಡಿದವರಿಗೆ ಇದು ಹೊಸದಲ್ಲ. ಇಲ್ಲಿ ಕೂತು ಅವರು ಏನು ಮಾತಾಡುತ್ತಿದ್ದರೋ! ಅದನ್ನು ಯಾರೂ ಬರೆದಿಡಲಿಲ್ಲ.

ಆ ಕೋಣೆಗಳನ್ನು ಗುಡಿಸಿದವರು ಯಾರು? ನೀರು ಹೊತ್ತವರು, ದೀಪ ಹಚ್ಚಿದವರು ಯಾರು? ದೊಡ್ಡ ದೊಡ್ಡ ಪಟಗಳಲ್ಲಿರುವುದು ರಾಜರು, ಸಾಹೇಬರು. ನಮ್ಮ ಕಲಿಕೆ ಕೇಂದ್ರದ ಒಬ್ಬ ಅಕ್ಕ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸ ಮಾಡುತ್ತಾರೆ. ಅವರು ನಕ್ಕು ಹೇಳಿದರು: "ದೊಡ್ಡವರ ಒಳಕೋಣೆ ನೋಡೋಕೆ ಟಿಕೇಟ್ ಯಾಕೆ? ನಾನು ದಿನಾ ನೋಡ್ತೀನಿ." ಮಾತು ತಮಾಷೆಯದೇ. ಆದರೆ ಅರಮನೆಯ ಒಳಗನ್ನು ಪೂರ್ತಿ ಕಂಡವರು ಇಂಥವರೇ ಇರಬೇಕು.

ಈಗ ಒಬ್ಬ ರಾಣಿಯ ಕಥೆ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜನಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಗ ದೊಡ್ಡವನಾಗುವವರೆಗೆ ರಾಜ್ಯದ ಹೊಣೆ ಅವರ ಮೇಲೆ ಬಿತ್ತು. 1895ರಿಂದ 1902ರವರೆಗೆ ಅವರು ರಾಜ್ಯ ನಡೆಸಿದರು. ಜನ ಅವರನ್ನು ವಾಣಿವಿಲಾಸ ಸನ್ನಿಧಾನ ಎಂದು ಕರೆದರು.

ಆ ವರ್ಷಗಳು ಸುಲಭದ್ದಾಗಿರಲಿಲ್ಲ. 1897ರಲ್ಲಿ ಮಗಳ ಮದುವೆಯ ಹೊತ್ತಿನಲ್ಲೇ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿತ್ತು. ಅದೇ ವರ್ಷ ಹೊಸ ಅರಮನೆಯ ಕೆಲಸ ಶುರು ಮಾಡಿಸಿದರು. 1912ರಲ್ಲಿ ಅದು ಮುಗಿಯಿತು. ನಾವು ದಸರಾದಲ್ಲಿ ನೋಡುವ ಅರಮನೆ ಅದೇ. ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಅದೇ ವರ್ಷ ಹಿರಿಯೂರಿನ ಹತ್ತಿರ ವೇದಾವತಿ ಹೊಳೆಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಲು ತೊಡಗಿದರು. ಅದಕ್ಕೆ ಈಗ ವಾಣಿವಿಲಾಸ ಸಾಗರ ಎಂಬ ಹೆಸರಿದೆ. ಹೆಂಗಸರನ್ನು ಮರೆಯ ಹಿಂದೆ ಕೂರಿಸುತ್ತಿದ್ದ ಕಾಲದಲ್ಲಿ ಇಷ್ಟು ಕೆಲಸ ನಡೆಯಿತು. ದಿವಾನರು, ಅಧಿಕಾರಿಗಳು ಜೊತೆಯಲ್ಲಿದ್ದರು, ಸರಿ. ಹೊಣೆ ಮಾತ್ರ ಅವರದೇ.

ಬೆಂಗಳೂರು ಅರಮನೆಯ ಟಿಕೇಟು ದುಬಾರಿ ಅನ್ನಿಸಬಹುದು. ಹಾಗಿದ್ದರೆ ಮಾರ್ಕೆಟ್ಟಿನ ಬಸ್ ಹತ್ತಿ. ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ ಇದೆ. ಅಲ್ಲಿ ಟಿಕೇಟು ಕಡಿಮೆ. 1791ರಲ್ಲಿ ಕೆಲಸ ಮುಗಿದ ಎರಡು ಅಂತಸ್ತಿನ ಅರಮನೆ. ಕಂಬಗಳೆಲ್ಲ ತೇಗದ ಮರದವು. ಮೇಲಿನ ಮೊಗಸಾಲೆಯಿಂದ ಟಿಪ್ಪು ದರ್ಬಾರು ನಡೆಸುತ್ತಿದ್ದರು. ಅದೇ ಅಂತಸ್ತಿನ ಮೂಲೆಗಳಲ್ಲಿ ನಾಲ್ಕು ಚಿಕ್ಕ ಕೋಣೆಗಳಿವೆ. ಅವು ಹೆಂಗಸರ ಕೋಣೆಗಳು ಅಂತ ಹೇಳುತ್ತಾರೆ. ಅರಮನೆ ಬೇರೆ, ವಂಶ ಬೇರೆ, ಧರ್ಮ ಬೇರೆ. ಒಳಮನೆಯ ಕಟ್ಟಳೆ ಒಂದೇ! 1868ರವರೆಗೆ ಇಲ್ಲಿ ಸರ್ಕಾರಿ ಕಚೇರಿ ಇತ್ತು. ಆಮೇಲೆ ಅದು ಅಠಾರ ಕಚೇರಿಗೆ ಹೋಯಿತು.

ಅಲ್ಲಿಂದ ಸ್ವಲ್ಪ ನಡೆದರೆ ಎರಡು ದೊಡ್ಡ ಆಸ್ಪತ್ರೆಗಳು. ಒಂದು ವಿಕ್ಟೋರಿಯಾ ಆಸ್ಪತ್ರೆ. 1897ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು ಕೆಂಪನಂಜಮ್ಮಣ್ಣಿಯವರೇ. ಇನ್ನೊಂದು ಹೆಂಗಸರ, ಮಕ್ಕಳ ಆಸ್ಪತ್ರೆ. ನಮ್ಮಲ್ಲಿ ಎಷ್ಟೋ ಜನರ ಹೆರಿಗೆ ಅಲ್ಲೇ ಆಗಿದೆ. ಗೇಟಿನ ಹತ್ತಿರ ನಿಂತು ಬೋರ್ಡು ಓದಿ: ವಾಣಿವಿಲಾಸ ಆಸ್ಪತ್ರೆ.

ಮಾತಾಡೋಣ, ಬರೆಯೋಣ

ನಿಮ್ಮ ತವರಿನಲ್ಲಿ ಹೆಂಗಸರು ಎಲ್ಲಿ ಕೂರುತ್ತಿದ್ದರು? ಗಂಡಸರು ಎಲ್ಲಿ?

ನಿಮ್ಮ ಮಕ್ಕಳು ಹುಟ್ಟಿದ ಆಸ್ಪತ್ರೆಯ ಹೆಸರನ್ನು ಬರೆಯಿರಿ. ಹಳೇ ಚೀಟಿ ಇದ್ದರೆ ತನ್ನಿ. ಅದರಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ, ಓದಿ ನೋಡಿ.