ತೆಂಗಿನ ಮರಕ್ಕೆ ಮೆಗ್ನೀಷಿಯಂ ಕೊಡುವ ಕ್ರಮ

ಗುಬ್ಬಿ ತಾಲ್ಲೂಕು ಸಿ.ಎಸ್. ಪುರ ಹೋಬಳಿಯ ಒಕ್ಕಲಿಗರಿಗೆ ರಾಗಿಯು ಊಟವಾದರೆ ತೆಂಗು ಕೈಕಾಸು. ಆದಕಾರಣ ಮರದ ಕೆಳಗಿನ ಗರಿಗಳು ಹಳದಿಯಾದೊಡನೆ ಮನೆಯವರಿಗೆ ಕಳವಳವಾಗುವುದು ಸಹಜ. ಆ ಕಳವಳದಲ್ಲಿ ಮೆಗ್ನೀಷಿಯಂ ಸಲ್ಫೇಟೆಂಬ ಬಿಳಿಯ ಉಪ್ಪನ್ನು ಅಂಗಡಿಯಿಂದ ತಂದು ಅಳತೆಯಿಲ್ಲದೆ ಪಾತಿಗೆ ಸುರಿಯುವವರುಂಟು. ಕೊರತೆಯಿದ್ದಲ್ಲಿ ಈ ಉಪ್ಪು ಒಳ್ಳೆಯ ಮದ್ದೇ ಸರಿ. ಇಲ್ಲದಲ್ಲಿ ಹಣಕ್ಕೂ ನಷ್ಟ, ಮರಕ್ಕೂ ನಷ್ಟ.

ಎಲೆಗೆ ಹಸುರುಬಣ್ಣವನ್ನು ಕೊಡುವ ಪತ್ರಹರಿತ್ತಿನ ಪ್ರತಿಯೊಂದು ಅಣುವಿನ ನಡುವೆಯೂ ಮೆಗ್ನೀಷಿಯಂ ಇರುವುದು. ನೆಲದಲ್ಲಿ ಇದು ಸಾಲದೆ ಹೋದರೆ ಮರವು ಹಳೆಯ ಗರಿಗಳಲ್ಲಿರುವುದನ್ನು ತೆಗೆದು ಎಳೆಯ ಗರಿಗಳಿಗೆ ಸಾಗಿಸುವುದು. ಬರಗಾಲದಲ್ಲಿ ಹಿರಿಯರು ಹಸಿದಿದ್ದು ಮಕ್ಕಳಿಗೆ ಬಡಿಸುವಂತೆ. ಆದುದರಿಂದ ಹಳದಿಯು ಮೊದಲು ಕೆಳಗಿನ ಗರಿಗಳಲ್ಲಿಯೇ ತೋರುವುದು. ಎಸಳಿನ ತುದಿಯೂ ಅಂಚೂ ಹಳದಿಯಾಗಿ, ನಡುವಿನ ಕಡ್ಡಿಯ ಪಕ್ಕದ ಭಾಗವು ಹಸುರಾಗಿಯೇ ಉಳಿಯುವುದು. ಬಿಸಿಲು ತಾಕುವ ಕಡೆ ಹಳದಿ ಹೆಚ್ಚು. ಮತ್ತೊಂದು ಎಸಳಿನ ನೆರಳು ಬಿದ್ದ ಕಡೆ ಹಸುರು. ಈ ನೆರಳಿನ ಗುರುತನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು.

ಎಲ್ಲ ಹಳದಿಯೂ ಮೆಗ್ನೀಷಿಯಂ ಕೊರತೆಯಲ್ಲ. ಗರಿಯೆಲ್ಲ ಒಂದೇ ಸಮನೆ ಬಿಳಿಚಿಕೊಂಡರೆ ಸಾರಜನಕ ಸಾಲದೆಂದು ತಿಳಿಯಬೇಕು. ಹಳೆಯ ಗರಿಗಳಲ್ಲಿ ಕಿತ್ತಳೆಬಣ್ಣದ ಚುಕ್ಕೆಗಳೆದ್ದು ತುದಿ ಸುಟ್ಟಂತೆ ಒಣಗಿದರೆ ಪೊಟ್ಯಾಷಿನ ಕೊರತೆ. ಕಾಂಡದ ಬುಡದಲ್ಲಿ ಕೆಂಗಂದು ರಸ ಸೋರಿ ಕೆಳಗಿನ ಗರಿಗಳು ಜೋತುಬಿದ್ದಿದ್ದರೆ ಅದು ಅಣಬೆ ರೋಗ. ತುಮಕೂರು ಸೀಮೆಯಲ್ಲಿ ಇದು ಅಪರೂಪವಲ್ಲ. ಇದಕ್ಕೆ ಯಾವ ಉಪ್ಪಿನಿಂದಲೂ ಪ್ರಯೋಜನವಿಲ್ಲ. ಉಪ್ಪು ಹಾಕಿ ಕಾಯುವಷ್ಟರಲ್ಲಿ ರೋಗವು ನೆರೆಯ ಮರಗಳ ಬೇರಿಗೂ ಹಬ್ಬಬಹುದು. ಸಂದೇಹವಿದ್ದವರು ಗೊಬ್ಬರ ಹಾಕುವ ಮೊದಲೇ ಮಣ್ಣಿನ ಪರೀಕ್ಷೆ ಮಾಡಿಸಬೇಕು. ಎಲೆಯ ಪರೀಕ್ಷೆಗಾದರೆ ಮೇಲಿನಿಂದ 14ನೆಯ ಗರಿಯ ಎಸಳುಗಳು ಬೇಕು. ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ವಿಷಯವನ್ನು ವಿಚಾರಿಸಬಹುದು.

ಕೊರತೆ ನಿಶ್ಚಯವಾದ ಮೇಲೆ ಫಸಲು ಬಿಡುವ ಮರವೊಂದಕ್ಕೆ ವರ್ಷಕ್ಕೆ ಅರ್ಧ ಕಿಲೋಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಾಕು. ಮುಂಗಾರಿನಲ್ಲೊಮ್ಮೆ, ಹಿಂಗಾರಿನ ಮೊದಲೊಮ್ಮೆ, ಎರಡು ಪಾಲು ಮಾಡಿ ಕೊಡುವುದು ಲೇಸು. ಕೆಂಪು ಮರಳುಭೂಮಿಯಲ್ಲಿ ಒಂದೇ ಸಲ ಹಾಕಿದ್ದು ಮಳೆಯೊಡನೆ ಕೆಳಗಿಳಿದುಹೋಗುವುದು. ಬುಡದಿಂದ ಆರಡಿಯವರೆಗಿನ ಪಾತಿಯಲ್ಲಿ, ಕಾಂಡಕ್ಕೆ ತಾಕದಂತೆ ಹರಡಿ, ಹದವಿರುವಾಗ ಮಣ್ಣಿನಲ್ಲಿ ಬೆರೆಸಬೇಕು. ಸುಳಿಗೆ ಹಾಕುವುದು ಕೂಡದು. ಹುಳಿಮಣ್ಣಾದರೆ ಡಾಲೊಮೈಟ್ ಸುಣ್ಣವೂ ಆಗಬಹುದು. ಕ್ಷಾರವುಳ್ಳ ನೆಲದಲ್ಲಿ ಅದು ಬೇಡ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದರಲ್ಲಿಯೇ ಮೆಗ್ನೀಷಿಯಂ ಇರಬಹುದಾದ್ದರಿಂದ ನೀರನ್ನೂ ಪರೀಕ್ಷಿಸುವುದು ಯುಕ್ತ.

ಅಳತೆ ಮೀರಿದರೆ ಕೇಡೇನೆಂದರೆ, ಮೆಗ್ನೀಷಿಯಮ್ಮೂ ಪೊಟ್ಯಾಷೂ ಬೇರಿನ ಬಾಗಿಲಲ್ಲಿ ಒಂದನ್ನೊಂದು ತಳ್ಳುವ ಗುಣವುಳ್ಳವು. ಒಂದು ಹೆಚ್ಚಿದರೆ ಮತ್ತೊಂದು ಒಳಗೆ ಹೋಗದು. ತೆಂಗಿಗೆ ಪೊಟ್ಯಾಷೇ ಮುಖ್ಯಾಹಾರ. ದೊಡ್ಡ ಮರಕ್ಕೆ ವರ್ಷಕ್ಕೆ 1200 ಗ್ರಾಂ ಬೇಕು, ಎಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎರಡು ಕಿಲೋಗ್ರಾಂ. ಅದನ್ನು ಬಿಟ್ಟು ಬಿಳಿಯ ಉಪ್ಪನ್ನೇ ಹಾಕುತ್ತ ಬಂದರೆ ಗರಿಯ ಹಳದಿ ತಗ್ಗಿದರೂ ಕಾಯಿ ಇಳಿಯುವುದು. ಕೊಟ್ಟಿಗೆ ಗೊಬ್ಬರವನ್ನಂತೂ ತಪ್ಪಿಸಕೂಡದು.

ಹಳದಿಯಾದ ಹಳೆಯ ಗರಿ ಮತ್ತೆ ಹಸುರಾಗದು. ತೆಂಗು ತಿಂಗಳಿಗೆ ಸುಮಾರು ಒಂದು ಗರಿಯನ್ನು ಮಾತ್ರ ಬಿಡುವುದರಿಂದ ಗುಣವು ತೋರಲು ವರ್ಷವಾದರೂ ಹಿಡಿಯುವುದು. ಅಷ್ಟರೊಳಗೆ ತಾಳ್ಮೆಗೆಟ್ಟು ಎರಡರಷ್ಟು ಹಾಕಬಾರದು. ಅರೆಹಸುರಿನ ಗರಿಗಳನ್ನು ಕಡಿಯಲೂ ಬಾರದು, ಮರವು ಇನ್ನೂ ಅವುಗಳಿಂದಲೇ ಮೆಗ್ನೀಷಿಯಂ ಪಡೆಯುತ್ತಿರುತ್ತದೆ.

ಔಷಧದಂಗಡಿಯಲ್ಲಿ ಭೇದಿ ಉಪ್ಪೆಂದು ದೊರೆಯುವುದು ಇದೇ ಉಪ್ಪಿನ ಶುದ್ಧರೂಪ. ಹಾಗೆಂದು ಗೊಬ್ಬರದ ಚೀಲದಿಂದ ಮನುಷ್ಯರಾಗಲಿ ದನಗಳಾಗಲಿ ಸೇವಿಸತಕ್ಕದ್ದಲ್ಲ. ಮೂತ್ರಪಿಂಡದ ಬೇನೆಯುಳ್ಳವರಲ್ಲಿ ಮೆಗ್ನೀಷಿಯಂ ಸರಿಯಾಗಿ ಹೊರಹೋಗದೆ ರಕ್ತದಲ್ಲಿ ನಿಂತು ಪ್ರಾಣಕ್ಕೆ ಅಪಾಯ ತರಬಹುದು. ಅಂಥವರು ವೈದ್ಯರನ್ನು ಕೇಳದೆ ಶುದ್ಧವಾದದ್ದನ್ನೂ ಮುಟ್ಟಬಾರದು. ಚೀಲವನ್ನು ತೇವ ತಾಕದ ಕಡೆ, ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ, ಹೆಸರು ಬರೆದು ಇಡುವುದು.