ಸ್ವಿಸ್ ವಾಚು ಕೊಳ್ಳುವ ಮುನ್ನ

ಕಾಫಿ ಮಾರಿದ ಹಣ ಕೈಸೇರಿದಾಗ, ಮಕ್ಕಳ ಮದುವೆಗೆಂದು ದುಬಾರಿ ವಾಚು ಕೊಳ್ಳಲು ಕೊಡಗಿನಿಂದ ಬೆಂಗಳೂರಿಗೆ ಹೊರಟಿದ್ದೀರಾ? ಅಷ್ಟು ದೂರ ಬಂದೆವಲ್ಲ ಎಂದು ಅಂಗಡಿಯಲ್ಲಿ ಅವಸರ ಮಾಡಬೇಡಿ. ಲಕ್ಷಗಟ್ಟಲೆ ಕೊಡುವ ಗಿರಾಕಿಗೆ ನಾಲ್ಕಾರು ವಾಚು ಕೈಗೆ ಕಟ್ಟಿ ನೋಡುವಷ್ಟು ಸಮಯ, ಕೇಳಿದ್ದಕ್ಕೆ ನೇರ ಉತ್ತರ ಸಿಗಲೇಬೇಕು. ಬರಿಯ ಉಪಚಾರಕ್ಕೆ ಮರುಳಾಗಬೇಡಿ.

ನಮ್ಮ ಮಳೆಯನ್ನಂತೂ ಮರೆಯಲೇಬೇಡಿ. ಮಡಿಕೇರಿಯ ಜುಲೈ ತಿಂಗಳ ತೇವಕ್ಕೆ ಚರ್ಮದ ಪಟ್ಟಿ ಬೂಷ್ಟು ಹಿಡಿಯುತ್ತದೆ. ಉಕ್ಕಿನ ಪಟ್ಟಿಯೇ ಲೇಸು. '30 ಮೀಟರ್' ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಮುಳುಗಬಹುದೆಂದು ತಿಳಿಯಬೇಡಿ, ಅದು ಸಿಡಿಯುವ ಹನಿಗಳನ್ನಷ್ಟೇ ತಡೆದೀತು. ನೀರು ತಡೆಯುವ ಒಳಗಿನ ರಬ್ಬರ್ ಉಂಗುರಗಳೂ ಕಾಲಕ್ರಮೇಣ ಸವೆಯುತ್ತವೆ.

1961ರಲ್ಲಿ ಬೆಂಗಳೂರಿನಲ್ಲಿ ತಯಾರಿಕೆ ಶುರುವಾದ ಎಚ್‌ಎಂಟಿಯ ವಾಚುಗಳನ್ನು ಊರಿನ ರಿಪೇರಿಯವರೇ ಬಿಚ್ಚಿ ಸರಿಮಾಡುತ್ತಿದ್ದರು. ಈಗಿನ ಸ್ವಿಸ್ ವಾಚಿಗೆ ಆ ಅನುಕೂಲ ಕಡಿಮೆ. ಆದ್ದರಿಂದ ಸರ್ವೀಸ್ ಎಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಖರ್ಚೆಷ್ಟು ಎಂದು ಮೊದಲೇ ಕೇಳಿ.

ವಾಚಿನ ಬೆಲೆ 10 ಲಕ್ಷ ರೂಪಾಯಿ ಮೀರಿದರೆ 2025ರ ಏಪ್ರಿಲ್‌ನಿಂದ ಶೇ 1ರಷ್ಟು ತೆರಿಗೆಯನ್ನು ಅಂಗಡಿಯವರೇ ಸಂಗ್ರಹಿಸುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ವಾಚಿನ ಮೇಲಿರುವ ಸೀರಿಯಲ್ ಸಂಖ್ಯೆಯೇ ಬಿಲ್ಲಿನಲ್ಲೂ ವಾರಂಟಿ ಕಾರ್ಡಿನಲ್ಲೂ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಂಡು ಹಣ ಕೊಡಿ.